ಮಾವನ ಹೆಸರಿಗೆ ಬಂದ ಕಾಗದ

(ಬಳ್ಳಾರಿಯಲ್ಲಿ ಮಾಜಿ ಸೈನಿಕರ ಮನೆಯವರು, ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಡಲಾಚೆ ಯುದ್ಧಕ್ಕೆ ಹೋದ ಗಂಡ, ಊರಲ್ಲಿ ಉಳಿದ ಹೆಂಡತಿ, ಅವರಿಬ್ಬರ ನಡುವೆ ಓಡಾಡಿದ ಕಾಗದ. ಇವತ್ತಿನ ವಿಷಯ ಇದು. ಹೀಗಂದ ಕೂಡಲೇ ನಿಮ್ಮ ಕಣ್ಣ ಮುಂದೆ ಒಂದು ಸಿನಿಮಾ ಓಡಿರುತ್ತದೆ. ಬಂಕರಿನಲ್ಲಿ ಕೂತ ಜವಾನ, ಪಕ್ಕದಲ್ಲಿ ಕಂದೀಲು, ‘ಪ್ರಿಯೆ’ ಅಂತ ಶುರುವಾಗುವ ಪತ್ರ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಟ್ರಂಕುಗಳಲ್ಲಿ ಅಂಥದ್ದನ್ನು ಹುಡುಕಲು ಹೋದರೆ ನಿರಾಸೆ ಆಗುತ್ತದೆ. ಅಲ್ಲಿ ಸಿಗುವುದು ‘ತೀರ್ಥರೂಪು ತಂದೆಯವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು’ ಅಂತ ಶುರುವಾಗುವ ಕಾರ್ಡು. ಮಳೆ ಆಯಿತಾ, ಎತ್ತು ಹೇಗಿದೆ, ಸಾಲದವನು ಬಂದಿದ್ದನಾ, ತಂಗಿಯ ಗಂಡು ಗೊತ್ತಾಯಿತಾ. ಇದೆಲ್ಲ ಮುಗಿದು ಮೂಲೆಯಲ್ಲಿ ಜಾಗ ಉಳಿದಿದ್ದರೆ ಒಂದು ಸಾಲು: ‘ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ತಿಳಿಸುವುದು.’

ಹೆಂಡತಿಗೆ ಬಂದ ಕಾಗದ ಅದೇ. ಮಾವನ ಹೆಸರಿಗೆ ಬಂದಿದೆ, ಅಷ್ಟೇ. ನಮ್ಮ ಕಡೆ ಗಂಡ ಹೆಂಡಿರ ಪತ್ರಗಳೇ ಇರಲಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದ್ದವು. ಅವರಿಬ್ಬರ ಹೆಸರಿನಲ್ಲಿ ಇರಲಿಲ್ಲ. ಹಾಗಾಗಿ ನಾವು ಹುಡುಕುವ ಜಾಗ ಬದಲಾಗಬೇಕು. ಇವತ್ತು ನಾನು ಹೇಳಲು ಬಂದಿರುವುದು ಆ ಜಾಗಗಳ ಬಗ್ಗೆ.

ವಿಳಾಸದಿಂದಲೇ ಶುರು ಮಾಡೋಣ. ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲ ಅದು. ಹೇಳಲೇಬೇಕಾದರೆ ಒಡಪು ಬೇಕು. ಅಂಥ ಹೆಂಗಸು ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕಾಗದ ಬರೆದುಕೊಡುವವನ ಮುಂದೆ ನಿಂತು ಗಂಡನ ಹೆಸರು, ನಂಬರು, ಪಲ್ಟನ್ನು ಹೇಳಿ ಬರೆಸುವುದು ಹೇಗೆ? ಮೈದುನನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಇಲ್ಲವೇ ಹಳೇ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ‘ಇದ್ರ ಮ್ಯಾಲ ಬರ್ದೈತಲ್ರೀ, ಅದನ್ನ ಬರೀರಿ’ ಅನ್ನಬೇಕು. ಮೊದಲ ಅಕ್ಷರ ಬೀಳುವ ಮೊದಲೇ ಇಬ್ಬರ ನಡುವೆ ಮೂರನೆಯವರು ಬಂದು ಕೂತರು.

ಬರೆಯುವವನು ಯಾಕೆ ಬೇಕಿತ್ತು ಅಂದರೆ, 1911ರ ಜನಗಣತಿ ನೋಡಿ. ಇಡೀ ಭಾರತದಲ್ಲಿ ಓದು ಬರಹ ಬಲ್ಲ ಗಂಡಸರು ನೂರಕ್ಕೆ ಹತ್ತು ಹನ್ನೊಂದು ಜನ. ಹೆಂಗಸರು ನೂರಕ್ಕೆ ಒಬ್ಬರು. 1941ಕ್ಕೆ ಬಂದರೂ ಹೆಂಗಸರ ಲೆಕ್ಕ ನೂರಕ್ಕೆ ಏಳನ್ನು ಅಷ್ಟಿಷ್ಟು ದಾಟಿತ್ತು. ಎರಡೂ ಮಹಾಯುದ್ಧಗಳು ಈ ಲೆಕ್ಕಗಳ ಆಸುಪಾಸಿನಲ್ಲೇ ನಡೆದುಹೋದವು. ಹೇಳಿ ಬರೆಸುವುದು, ಓದಿಸಿ ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಓದಿಸುವುದು ಬರೆಸುವುದಕ್ಕಿಂತ ಕಷ್ಟದ ಕೆಲಸ. ಟಪಾಲಿನವನು ಬಂದ. ಮಾವ ಕಟ್ಟೆಯ ಮೇಲೆ ಕೂತಿದ್ದಾನೆ. ಓದಲು ಸಾಲಿ ಮೇಷ್ಟ್ರು ಬರಬೇಕು, ಇಲ್ಲವೇ ಟಪಾಲಿನವನೇ ಓದಬೇಕು. ಅಕ್ಕಪಕ್ಕದವರು ಸೇರುತ್ತಾರೆ. ಸೊಸೆ ಪಡಸಾಲೆಯ ಬಾಗಿಲ ಹಿಂದೆ ನಿಂತಿದ್ದಾಳೆ. ಓದುವವನು ಅವಸರದಲ್ಲಿದ್ದರೆ ಕೊನೆಯ ಎರಡು ಸಾಲು ನುಂಗಿಬಿಡುತ್ತಾನೆ. ಇನ್ನೊಮ್ಮೆ ಓದಿ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಊರೆಲ್ಲ ನಗುತ್ತದೆ. ಹಾಗಾಗಿ ಬರೆಸುವ ಗಂಡನಿಗೂ ಗೊತ್ತು, ಈ ಕಾಗದ ಹತ್ತು ಜನರ ಮುಂದೆ ಓದಲ್ಪಡುವಂಥದ್ದು ಅಂತ. ಅವನು ಹೆಂಡತಿಯ ಬಗ್ಗೆ ಏನನ್ನೂ ಬರೆಸುವುದಿಲ್ಲ. ‘ಕೆಂದ ಎಮ್ಮೆ ಈಯಿತಾ?’ ಅಂತ ಬರೆಸುತ್ತಾನೆ. ಎಮ್ಮೆ ಹಾಲು ಕರೆಯುವವಳು ಯಾರು? ಅವಳೇ ತಾನೆ. ಮಗುವಿಗೆ ನಡೆಯಲು ಬಂತಾ ಅಂತ ಕೇಳಿದರೆ ಅದೂ ಅವಳಿಗೇ ಕೇಳಿದ್ದು. ಹಳೇ ಕಾಗದ ಓದುವಾಗ ದನ, ಮಗು, ಬಾವಿ, ಹಿತ್ತಲು ಬಂದ ಕಡೆ ಸ್ವಲ್ಪ ನಿಂತು ಓದಿ ಅಂತ ನಾನು ಹೇಳುವುದು ಇದಕ್ಕೆ.

ಅತ್ತ ಕಡೆಯೂ ಇದೇ ಕತೆ. ಸಿಪಾಯಿಗೂ ಅಕ್ಷರ ಬರುವುದಿಲ್ಲ. ಪಲ್ಟನ್ನಿನಲ್ಲಿ ಬರೆಯಬಲ್ಲ ಒಬ್ಬನ ಮುಂದೆ ಸಾಲಾಗಿ ಕೂರುತ್ತಾರೆ. ಬರೆದದ್ದನ್ನು ಪಲ್ಟನ್ನಿನ ಅಧಿಕಾರಿ ನೋಡುತ್ತಾನೆ. ಅಲ್ಲಿಂದ ಸೆನ್ಸಾರಿಗೆ ಹೋಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಫ್ರಾನ್ಸಿಗೆ ಹೋದಾಗ, ಅವರ ಟಪಾಲನ್ನು ಓದಲೆಂದೇ ಒಂದು ಕಚೇರಿ ತೆರೆದರು. ಬೂಲೋನ್ ಅನ್ನುವ ಬಂದರು ಊರಿನಲ್ಲಿ. ಅದರ ಮುಖ್ಯಸ್ಥ ಕ್ಯಾಪ್ಟನ್ ಹೋವೆಲ್. 1915ರ ಮಾರ್ಚ್ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ನಮ್ಮವರು ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದ ಬರೆಸುತ್ತಿದ್ದರು. ಓದು ಬಾರದವರು ಇಷ್ಟೊಂದು! ಸೆನ್ಸಾರಿನವರಿಗೆ ಎಲ್ಲವನ್ನೂ ಓದಲು ಸಾಧ್ಯವಿರಲಿಲ್ಲ. ಆರಿಸಿ ಓದಿದರು, ಅನಿಸಿದ ಸಾಲುಗಳನ್ನು ಇಂಗ್ಲಿಷಿಗೆ ಮಾಡಿ ವರದಿ ಕಳಿಸಿದರು. ಸೈನಿಕರ ಮನಸ್ಸು ಹೇಗಿದೆ, ದಂಗೆ ಏಳುತ್ತಾರಾ, ಅದು ಅವರ ಚಿಂತೆ. ಪತ್ರಗಳ ಮೂಲ ಪ್ರತಿಗಳು ಬಹುಮಟ್ಟಿಗೆ ಕಾಣೆಯಾದವು. ಇಂಗ್ಲಿಷ್ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ.

ಸೆನ್ಸಾರು ಇದೆ ಅಂತ ಸಿಪಾಯಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ತುಣುಕುಗಳಲ್ಲಿ ತುಂಬ ಹೆಸರಾದ ಒಂದು ಮಾತು ಮೆಣಸಿನದು. ಕರಿಮೆಣಸು ಮುಗಿಯುತ್ತಾ ಬಂದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅಂತ ಬರೆಸಿದರು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಅಂದರೆ ಗೋರಾಗಳು, ಬಿಳಿಯ ಸೈನಿಕರು. ಅಡುಗೆಮನೆಯ ಮಾತಿನಲ್ಲಿ ಸಾವಿನ ಲೆಕ್ಕ ಊರು ಮುಟ್ಟಿತು. ಇನ್ನೊಬ್ಬ ಗಾಯಾಳು 1915ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಿಂದ ಬರೆಸಿದ್ದ: ಇದು ಯುದ್ಧವಲ್ಲ, ಲೋಕವೇ ಮುಗಿಯುತ್ತಿದೆ, ನಮ್ಮ ಹಿರಿಯರ ಮಹಾಭಾರತದಲ್ಲಿ ಹೇಳಿದಂಥ ಕಾಳಗ ಇದು ಅಂತ. ಅದು ಅಧಿಕಾರಿಗಳಿಗೆ ಅರ್ಥವಾಗಲಿಲ್ಲ ಅಂತೇನಿಲ್ಲ. ಅರ್ಥವಾಗಿದ್ದಕ್ಕೇ ಬರೆದಿಟ್ಟುಕೊಂಡರು. ನಮಗೆ ಇವತ್ತು ಓದಲು ಸಿಕ್ಕಿದ್ದು ಆ ಗೂಢಚಾರಿಕೆಯ ದೆಸೆಯಿಂದ. ವಿಚಿತ್ರ ಅಲ್ವಾ?

ಆ ಕಡತಗಳಲ್ಲಿ ಕನ್ನಡ ಹುಡುಕಲು ಹೋಗಬೇಡಿ. ಫ್ರಾನ್ಸಿಗೆ ಹೋದ ದಂಡಿನಲ್ಲಿ ಬಹುಪಾಲು ಪಂಜಾಬು, ಗಢವಾಲ, ನೇಪಾಳ, ಗಡಿನಾಡಿನ ಪಠಾಣರು. ದಕ್ಷಿಣದ ಪಲ್ಟನ್ನುಗಳನ್ನು ಹೆಚ್ಚಾಗಿ ಕಳಿಸಿದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಮತ್ತು ಪೂರ್ವ ಆಫ್ರಿಕಾಕ್ಕೆ. ಬೆಂಗಳೂರಿನಲ್ಲಿ ನೆಲೆ ಇದ್ದ ಸೇನೆಯ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು ಅಲ್ಲೆಲ್ಲ ಸೇತುವೆ ಕಟ್ಟಿದರು, ರಸ್ತೆ ಹಾಕಿದರು. ಬಂದೂಕು ಹಿಡಿಯದೆ ಹೋದವರೂ ಬಹಳ ಜನ. ಹೇಸರಗತ್ತೆ ನೋಡಿಕೊಳ್ಳುವವರು, ಅಡುಗೆಯವರು, ಹೊರೆ ಹೊರುವವರು. ಅವರೂ ಕಾಗದ ಬರೆಸಿದರು, ಅವರ ಹೆಂಡಿರೂ ಕಾದರು.

ನಮ್ಮ ಭಾಗದ ಇನ್ನೊಂದು ತೊಡಕು ಹೇಳುತ್ತೇನೆ, ಇದು ಬೇರೆ ಕಡೆಯವರಿಗೆ ತಿಳಿಯುವುದಿಲ್ಲ. ತುಂಗಭದ್ರೆಯ ಈ ದಡ ಬಳ್ಳಾರಿ, ಮದ್ರಾಸ್ ಪ್ರಾಂತ್ಯ. ಆ ದಡ ಕೊಪ್ಪಳ, ರಾಯಚೂರು, ನಿಜಾಮರ ರಾಜ್ಯ. ಹೊಸಪೇಟೆಯಿಂದ ಹೊಳೆ ದಾಟಿದರೆ ಸರ್ಕಾರ ಬೇರೆ, ದುಡ್ಡು ಬೇರೆ, ಟಪಾಲೂ ಬೇರೆ. ನಿಜಾಮರಿಗೆ 1869ರಿಂದ ತಮ್ಮದೇ ಸ್ಟಾಂಪು ಇತ್ತು, 1950ರ ತನಕ ನಡೆಯಿತು. ಆದರೆ ಆ ಸ್ಟಾಂಪು ನಡೆಯುತ್ತಿದ್ದುದು ಆ ರಾಜ್ಯದ ಒಳಗೆ ಮಾತ್ರ. ಹೊರಗೆ ಹೋಗುವ ಕಾಗದ ಬ್ರಿಟಿಷರ ಪೋಸ್ಟಾಫೀಸಿನಿಂದಲೇ ಹೋಗಬೇಕು. ಕೊಪ್ಪಳದ ಹಳ್ಳಿಯ ಹೆಂಗಸೊಬ್ಬಳು ಇರಾಕಿನ ಬಸ್ರಾದಲ್ಲಿರುವ ಗಂಡನಿಗೆ ಕಾರ್ಡು ಹಾಕಿಸಬೇಕಾದರೆ ಯಾವ ಪೆಟ್ಟಿಗೆಗೆ ಹಾಕಬೇಕು ಅನ್ನುವುದೂ ಒಂದು ಪ್ರಶ್ನೆಯೇ. ಮೇಲಾಗಿ ಆ ದಡದಲ್ಲಿ ಆಡಳಿತ, ಶಾಲೆ ಎರಡರಲ್ಲೂ ಉರ್ದುವಿನದೇ ದರ್ಬಾರು. ಮನೆಮಾತು ಕನ್ನಡ, ಕಾಗದ ಉರ್ದು. ರಾಯಚೂರಿನ ಕಡೆ ಅಜ್ಜನ ಕಾಲದ ಕಟ್ಟಿನಲ್ಲಿ ಉರ್ದು ಕಾಗದ ಸಿಕ್ಕರೆ ಅದು ನಮ್ಮದಲ್ಲ ಅಂತ ಬದಿಗಿಡಬೇಡಿ. ನಿಮ್ಮ ಅಜ್ಜನೇ ಬರೆಸಿದ್ದಿರಬಹುದು.

ನಿಜಾಮರ ಕುದುರೆ ಪಡೆ ಹೈದರಾಬಾದ್ ಲ್ಯಾನ್ಸರ್ಸ್ ಈಜಿಪ್ಟು, ಪ್ಯಾಲೆಸ್ಟೈನುಗಳಲ್ಲಿ ಮೈಸೂರು, ಜೋಧಪುರದ ಪಡೆಗಳ ಜೊತೆಗಿತ್ತು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಮೂರ್ತಿಗಳು ಈ ಮೂರು ರಾಜ್ಯಗಳದ್ದು. 1922ರಲ್ಲಿ ನಿಲ್ಲಿಸಿದ್ದು. ಅಂಥ ಮೂರ್ತಿಗಳ ಪಾಲು ಕೆಲವರಿಗೆ ಬಂತು. ಬಸ್ರಾದ ಸ್ಮಾರಕದಲ್ಲಿ 40,000ಕ್ಕೂ ಹೆಚ್ಚು ಜನರ ನೆನಪು ಇದೆ. ಅಲ್ಲಿ ಬ್ರಿಟಿಷರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ಸಾದಾ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಯಾವ ಪಲ್ಟನ್ನಿನವರು ಎಷ್ಟು ಜನ ಅಂತ ಸಂಖ್ಯೆ ಹಾಕಿದರು. ಕಲ್ಲಿನ ಮೇಲೆ ಸಂಖ್ಯೆಯಾಗಿ ಉಳಿದವನ ಹೆಸರು ಮನೆಯಲ್ಲಿ ಉಳಿದ ಕಾರ್ಡಿನ ಕೊನೆಯಲ್ಲಿ ಇದ್ದೀತು.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಕಾಗದಕ್ಕೆ ಬರುತ್ತೇನೆ. ಅದನ್ನು ಯಾರೂ ಪತ್ರ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನಿಯಾರ್ಡರ್ ಫಾರಂ.

ಮೊದಲನೇ ಮಹಾಯುದ್ಧದ ಸಿಪಾಯಿಗೆ ತಿಂಗಳ ಸಂಬಳ 11 ರೂಪಾಯಿ. ರಣರಂಗದ ಫೀಲ್ಡ್ ಪೋಸ್ಟಾಫೀಸುಗಳಲ್ಲಿ ಕಾಗದದ ಜೊತೆ ಮನಿಯಾರ್ಡರನ್ನೂ ತೆಗೆದುಕೊಳ್ಳುತ್ತಿದ್ದರು. ಭಾರತದಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ಶುರು ಮಾಡಿದ್ದು 1880ರಲ್ಲಿ, ಹಾಗಾಗಿ ಹಳ್ಳಿಯವರಿಗೆ ಅದು ಆಗಲೇ ಗೊತ್ತಿದ್ದ ವಿಷಯ. ಇಲ್ಲಿರುವ ಹಿರಿಯರಿಗೆ ಆ ಫಾರಂ ನೆನಪಿರುತ್ತದೆ. ಕೆಳಗಡೆ ಒಂದು ಕೂಪನ್ನು. ಅದರಲ್ಲಿ ನಾಲ್ಕು ಸಾಲು ಬರೆಯಲು ಜಾಗ. ದುಡ್ಡು ಕೊಟ್ಟ ಮೇಲೆ ಟಪಾಲಿನವನು ಆ ಕೂಪನ್ನು ಹರಿದು ಮನೆಯವರ ಕೈಗೆ ಕೊಡುತ್ತಾನೆ. ಕಾಗದಕ್ಕೆ ಖರ್ಚು ಮಾಡದವರೂ ಇಲ್ಲಿ ಬರೆಸುತ್ತಿದ್ದರು. ಜಾಗ ಸಣ್ಣದು, ಹಾಗಾಗಿ ಸಾಷ್ಟಾಂಗ ನಮಸ್ಕಾರಕ್ಕೆ ಎಡೆ ಇಲ್ಲ. ನೇರ ವಿಷಯ. ಮಗನಿಗೆ ಅಂಗಿ ಹೊಲಿಸು. ಬಳೆ ಇಟ್ಟಿದ್ದನ್ನು ಬಿಡಿಸಿಕೋ. ದುಡ್ಡು ಹೆಂಡತಿಯ ಹೆಸರಿಗೇ ಬಂದಿದ್ದರೆ ಈ ನಾಲ್ಕು ಸಾಲು ಅವಳಿಗೇ ಬಂದಿದ್ದು. ಮಾವನ ಮೂಲಕ ಬರಲಿಲ್ಲ. ಯಾರ ಹೆಸರಿಗೆ ದುಡ್ಡು ಬರಬೇಕು ಅಂತ ಅತ್ತೆ ಸೊಸೆಯರ ನಡುವೆ, ಅಣ್ಣ ತಮ್ಮಂದಿರ ನಡುವೆ ಜಗಳ ಆಗುತ್ತಿದ್ದುದು ಸುಮ್ನೆ ಅಲ್ಲ. ದುಡ್ಡಿನ ಜೊತೆ ಮಾತೂ ಬರುತ್ತಿತ್ತು.

ಇನ್ನು ಫಾರಮ್ಮಿನ ಮತ್ತೊಂದು ಭಾಗ ಇದೆಯಲ್ಲ, ರಸೀದಿ. ದುಡ್ಡು ಮುಟ್ಟಿತು ಅಂತ ಪಡೆದವರು ಸಹಿ ಹಾಕಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಸಾಕ್ಷಿಯ ಸಹಿ. ಆ ಚೀಟಿ ವಾಪಸ್ ಕಳಿಸಿದವನಿಗೇ ಹೋಗುತ್ತದೆ. ಯೋಚಿಸಿ ನೋಡಿ. ಅವಳು ಬರೆಸಿದ ಎಲ್ಲ ಕಾಗದಗಳೂ ಬೇರೆಯವರ ಅಕ್ಷರ, ಬೇರೆಯವರ ಮಾತಿನ ಧಾಟಿ. ಅವಳ ಕೈಯಿಂದಲೇ ಹೊರಟು, ಸಮುದ್ರ ದಾಟಿ, ಅವನ ಕೈ ಸೇರುವ ಗುರುತು ಇದೊಂದೇ. ಮಸಿ ಮೆತ್ತಿದ ಹೆಬ್ಬೆಟ್ಟು. ಅದನ್ನು ಸೆನ್ಸಾರಿನವರು ಅಳಿಸಲಾರರು. ಮೇಷ್ಟ್ರು ತಿದ್ದಲಾರರು. ಬದುಕಿದ್ದಾಳೆ, ದುಡ್ಡು ಅವಳಿಗೇ ಮುಟ್ಟಿದೆ, ಇಂಥ ತಾರೀಕಿಗೆ ಮನೆಯಲ್ಲೇ ಇದ್ದಳು. ಇಷ್ಟು ಸುದ್ದಿ ಅದರಲ್ಲಿದೆ. ವಿದ್ಯಾವಂತರ ಪ್ರೇಮಪತ್ರಗಳ ಬಗ್ಗೆ ಪುಸ್ತಕಗಳು ಬಂದಿವೆ. ಈ ರಸೀದಿಗಳ ಬಗ್ಗೆ ಯಾರಾದರೂ ಬರೆಯಬೇಕು ಅಂತ ನನಗೆ ಆಸೆ.

ಹೆಂಡತಿಯರು ಬರೆಸಿದ ಕಾಗದಗಳು ಯಾಕೆ ಉಳಿಯಲಿಲ್ಲ ಅಂತ ಕೇಳಬಹುದು. ಗಂಡನ ಕಾಗದ ಬಂದದ್ದು ಮನೆಗೆ. ಮನೆಯಲ್ಲಿ ತಂತಿ ಇತ್ತು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ, ಬಂದ ಕಾಗದವನ್ನೆಲ್ಲ ಚುಚ್ಚಿ ತೂಗುಹಾಕುವುದು. ಕಂದಾಯದ ರಸೀದಿ, ಮದುವೆ ಕರೆಯೋಲೆ, ಬಸ್ರಾದ ಕಾರ್ಡು, ಎಲ್ಲ ಒಂದೇ ತಂತಿಗೆ. ಹೆಂಡತಿಯ ಕಾಗದ ಹೋದದ್ದು ರಣರಂಗಕ್ಕೆ. ಅಲ್ಲಿ ಮಳೆ, ಕೆಸರು, ದಿನಾ ಜಾಗ ಬದಲಾವಣೆ. ಒಂದು ಜೇಬಿನಲ್ಲಿ ಎಷ್ಟು ಕಾಗದ ಇಟ್ಟುಕೊಳ್ಳುತ್ತಾನೆ? ಇಲ್ಲಿ ಉಳಿದ ಕಟ್ಟುಗಳಲ್ಲಿ ಯಾವಾಗಲೂ ಅವನದೇ ಮಾತು ಇರುವುದು ಅದಕ್ಕೆ. ಅವಳ ಮಾತನ್ನು ಅವನ ಉತ್ತರದಿಂದ ಊಹಿಸಬೇಕು. ‘ಅದಕ್ಕೆಲ್ಲ ಅಳಬಾರದು’ ಅಂತ ಅವನು ಬರೆದಿದ್ದರೆ, ಹಿಂದಿನ ಕಾಗದದಲ್ಲಿ ಏನೋ ಇತ್ತು. ತಂತಿಗೆ ಚುಚ್ಚಿದ ಕಾಗದವೂ ಎಷ್ಟೋ ಕಡೆ ಉಳಿಯಲಿಲ್ಲ. ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳವರು ಮನೆ ಬಿಡುವಾಗ ಪಾತ್ರೆ, ಕಾಳು, ದೇವರು ತಂದರು. ಹಳೇ ಕಾಗದ ಯಾರು ಹೊರುತ್ತಾರೆ.

ಅಂಥ ಕಾಗದಗಳಲ್ಲಿ ಸುಳ್ಳೂ ಇತ್ತು. ನಮ್ಮ ಪತ್ರದ ಪದ್ಧತಿಯೇ ಹಾಗೆ, ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು’ ಅಂತಲೇ ಶುರುವಾಗಬೇಕು. ಗುಂಡು ತಗಲಿ ಮಲಗಿದವನೂ ಕ್ಷೇಮ. ಮನೆಯಲ್ಲಿ ಜೋಳ ಮುಗಿದವರೂ ಕ್ಷೇಮ. 1918ರಲ್ಲಿ ಈ ಕ್ಷೇಮ ಎಂಥ ಭಾರ ಹೊತ್ತಿತು ನೋಡಿ. ಆ ವರ್ಷ ದಖ್ಖನಿನಲ್ಲಿ ಮಳೆ ಕೈಕೊಟ್ಟಿತು. ಅದರ ಬೆನ್ನಿಗೆ ಇನ್ಫ್ಲುಯೆಂಜಾ ಬಂತು. ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. ಆ ಜ್ವರದಲ್ಲಿ ದೇಶದೊಳಗೆ ಸತ್ತವರು ಒಂದು ಕೋಟಿಗೂ ಜಾಸ್ತಿ. ಅಂದರೆ ಫಿರಂಗಿ ಇದ್ದ ಜಾಗ ಮಾತ್ರವಲ್ಲ, ಮನೆಯೂ ಅಪಾಯದ ಜಾಗವಾಗಿತ್ತು. ನವೆಂಬರ್ 11ಕ್ಕೆ ಯುದ್ಧ ನಿಂತಿತು, ಗಂಡ ಬದುಕಿದ್ದಾನೆ, ಊರಿಗೆ ಬರುತ್ತಿದ್ದೇನೆ ಅಂತ ಬರೆಸುತ್ತಾನೆ. ಆ ಕಾಗದವನ್ನು ಕೇಳಬೇಕಾದವಳು ಇದ್ದಳೋ ಇಲ್ಲವೋ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವುದು ನಮ್ಮಲ್ಲಿ ರೂಢಿ. ಮನೆಯಲ್ಲಿ ಇಡಬಾರದು. ಯುದ್ಧಕಾಲದ ಅತಿ ಮುಖ್ಯವಾದ ಕಾಗದಗಳು ಹಾಗೆಯೇ ಹೋದವು.

ಕಾಗದ ಬಾರದೇ ಇರುವುದು ಇನ್ನೊಂದು ಬಗೆಯ ಸುದ್ದಿ. ಮೆಸೊಪೊಟೇಮಿಯಾದ ಕುಟ್ ಅನ್ನುವ ಊರಿನಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರ ತನಕ ತುರ್ಕಿ ಸೇನೆ ಮುತ್ತಿಗೆ ಹಾಕಿತ್ತು. ಕೊನೆಗೆ ಸುಮಾರು 13,000 ಜನ ಶರಣಾದರು, ಬಹುಪಾಲು ಭಾರತೀಯರು. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು, 40,000ಕ್ಕೂ ಹೆಚ್ಚು ಭಾರತೀಯರು ಜಪಾನಿಯರ ಕೈಗೆ ಸಿಕ್ಕರು. ಎಷ್ಟೋ ಮನೆಗಳಿಗೆ ವರ್ಷಗಟ್ಟಲೆ ಒಂದು ಕಾರ್ಡೂ ಬರಲಿಲ್ಲ. ಸತ್ತನೋ, ಸೆರೆಯಲ್ಲಿದ್ದಾನೋ, ತಪ್ಪಿಸಿಕೊಂಡನೋ. ಹೆಂಡತಿ ತಾಳಿ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಅಂತ ಊರವರು ತೀರ್ಮಾನ ಮಾಡಲು ಕೂರುತ್ತಿದ್ದರು. ಕೆಲವರು ತೆಗೆಸಿದರು. ಆಮೇಲೆ ಗಂಡ ಬಂದ ಮನೆಗಳೂ ಇವೆ. ಆ ಕತೆಗಳನ್ನು ಬಿಡಿಸಿ ಹೇಳಲು ಇವತ್ತು ಹೊತ್ತಿಲ್ಲ.

ಎರಡನೇ ಮಹಾಯುದ್ಧಕ್ಕೆ ಬಂದರೆ ಸೈನ್ಯ 25 ಲಕ್ಷಕ್ಕೆ ಬೆಳೆದಿತ್ತು. ಉತ್ತರ ಆಫ್ರಿಕಾ, ಇಟಲಿ, ಬರ್ಮಾ. ಟಪಾಲಿನ ಒತ್ತಡ ತಡೆಯಲಾರದೆ 1941ರಲ್ಲಿ ಏರ್‌ಗ್ರಾಫ್ ಅಂತ ಒಂದು ಉಪಾಯ ಬಂತು. ಕಾಗದದ ಸಣ್ಣ ಫೋಟೋ ತೆಗೆದು, ಫಿಲ್ಮಿನ ಸುರುಳಿಯನ್ನು ವಿಮಾನದಲ್ಲಿ ಕಳಿಸಿ, ಆ ಕಡೆ ಮತ್ತೆ ಮುದ್ರಿಸಿ ಕೊಡುವುದು. ಇಪ್ಪತ್ತಮೂರು ಕಿಲೋ ತೂಗುವ 1,600 ಕಾಗದ ಒಂದು ಹಿಡಿಯಷ್ಟು ಫಿಲ್ಮಿನಲ್ಲಿ ಹಿಡಿಸುತ್ತಿತ್ತು. ಜಾಣ ಕೆಲಸವೇ. ನಮ್ಮ ಹೆಂಗಸರಿಗೆ ಅದರಿಂದ ಆದ ಉಪಯೋಗ ಕಡಿಮೆ ಅಂತ ನನ್ನ ಅಂದಾಜು. ಅವರ ತೊಂದರೆ ಕಾಗದದ ತೂಕವಲ್ಲ.

ತೊಂದರೆ ಇದ್ದದ್ದು ಇಲ್ಲಿ: ಪಲ್ಟನ್ನಿನಲ್ಲಿ ಸಿಪಾಯಿಗಳಿಗೆ ಅಕ್ಷರ ಕಲಿಸಿದರು, ಇಂಗ್ಲಿಷ್ ಲಿಪಿಯಲ್ಲಿ ಹಿಂದುಸ್ತಾನಿ. ರೋಮನ್ ಉರ್ದು ಅನ್ನುತ್ತಿದ್ದರು. ಹುಡುಗ ಜೀವನದಲ್ಲಿ ಮೊದಲ ಸಲ ತನ್ನ ಕೈಯಾರೆ ಬರೆಯಬಲ್ಲ. ಊರಲ್ಲಿ ಕನ್ನಡ ಓದುವವರೇ ಬೆರಳೆಣಿಕೆ, ಬಳ್ಳಾರಿ ಕಡೆ ತೆಲುಗು ಓದುವವರು ಒಂದಷ್ಟು. ಇಂಗ್ಲಿಷ್ ಅಕ್ಷರದ ಹಿಂದುಸ್ತಾನಿ ಓದಿ ಅದನ್ನು ಕನ್ನಡದಲ್ಲಿ ಹೇಳುವವರು ಎಲ್ಲಿ ಸಿಗಬೇಕು? ಸ್ಟೇಷನ್ ಮಾಸ್ಟರ್ ಬಳಿ ಹೋಗಬೇಕು. ಗಂಡ ಕಲಿತಷ್ಟೂ ಅವನ ಕಾಗದ ಮನೆಯಿಂದ ದೂರವಾಯಿತು.

ಆ ಕಾಲದ ಕಾಗದಗಳಲ್ಲಿ ಮನೆಯಿಂದ ಹೋದ ಮುಖ್ಯ ಸುದ್ದಿ ಬೆಲೆಯದು. ಜೋಳ ಏರಿತು, ಸೀಮೆಎಣ್ಣೆ ಸಿಗುತ್ತಿಲ್ಲ, ಬಟ್ಟೆ ಇಲ್ಲ. ಸೈನಿಕರ ಕಾಗದ ನೋಡುತ್ತಿದ್ದ ಸೆನ್ಸಾರಿನವರಿಗೂ ಇದು ತಲೆನೋವಾಗಿತ್ತು. ಶತ್ರುವಿನ ಬಾಂಬಿಗಿಂತ ಮನೆಯ ಕಾಗದವೇ ಸಿಪಾಯಿಯ ಧೈರ್ಯ ಕೆಡಿಸುತ್ತಿದೆ ಅನ್ನುವ ಆತಂಕ. ಕಷ್ಟ ಬರೆದ ಹೆಂಡತಿಯೇ ತಪ್ಪಿತಸ್ಥೆ ಅನ್ನುವ ಹಾಗೆ! ನನಗೆ ಅವಳ ಮೇಲೆ ಗೌರವ. ಕ್ಷೇಮ ಅನ್ನುವ ಪದ್ಧತಿಯನ್ನು ಮುರಿದು, ಹೊಟ್ಟೆಗಿಲ್ಲ ಅಂತ ಬರೆಸಲು ಗಟ್ಟಿ ಎದೆ ಬೇಕು.

ಇನ್ನು ಬಳ್ಳಾರಿಯವರು ಮರೆತಿರುವ ಒಂದು ವಿಷಯ. ನಾವು ಕಾಗದ ಕಳಿಸಿದ ಊರು ಮಾತ್ರವಲ್ಲ, ಬೇರೆಯವರು ಕಾಗದಕ್ಕೆ ಕಾದ ಊರು ಕೂಡ. ಮೊದಲನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯವರಲ್ಲಿ ಒಂದಷ್ಟು ಜನರನ್ನು ಬಳ್ಳಾರಿಯ ಶಿಬಿರದಲ್ಲಿ ಇಟ್ಟಿದ್ದರು. 1917ರಲ್ಲಿ ಜಿನೀವಾದ ರೆಡ್‌ಕ್ರಾಸ್ ಪ್ರತಿನಿಧಿಗಳು ಭಾರತ, ಬರ್ಮಾದ ಶಿಬಿರಗಳನ್ನು ನೋಡುತ್ತಾ ಇಲ್ಲಿಗೂ ಬಂದುಹೋದರು. ಯುದ್ಧ ಕೈದಿಗಳ ಕಾಗದಕ್ಕೆ ಸ್ಟಾಂಪು ಬೇಡ ಅಂತ 1907ರ ಹೇಗ್ ಒಪ್ಪಂದ ಹೇಳುತ್ತದೆ. ಸ್ಟಾಂಪು ಬೇಡ ಸರಿ, ಆದರೆ ದಾರಿ? ಬಳ್ಳಾರಿಯಿಂದ ಶತ್ರು ದೇಶದ ಹಳ್ಳಿಗೆ ಎರಡು ಕಡೆಯ ಸೆನ್ಸಾರು ದಾಟಿ ಹೋಗಬೇಕು. ಆ ಸಿಪಾಯಿಗಳಲ್ಲೂ ಅಕ್ಷರ ಬಾರದವರೇ ಜಾಸ್ತಿ. ಕುಟ್‌ನಲ್ಲಿ ನಮ್ಮವರನ್ನು ಹಿಡಿದದ್ದು ಅವರ ಸೇನೆ. ಬಳ್ಳಾರಿಯಲ್ಲಿ ಅವರನ್ನು ಇಟ್ಟದ್ದು ನಮ್ಮವರು ದುಡಿದ ಸೇನೆ. ತುರ್ಕಿಯ ಅನಾತೋಲಿಯಾದ ಹಳ್ಳಿಯಲ್ಲೂ ಒಬ್ಬಳು ಬಾಗಿಲ ಹಿಂದೆ ನಿಂತು ಯಾರೋ ಓದುವುದನ್ನು ಕೇಳಿರಬೇಕು. ಕೌಲ್‌ಬಜಾರಿನ ಕಡೆ, ಕಂಟೋನ್ಮೆಂಟ್ ಸ್ಟೇಷನ್ ಕಡೆ ಓಡಾಡುವಾಗ ನನಗೆ ಇದು ನೆನಪಾಗುತ್ತದೆ.

ಸ್ವಾತಂತ್ರ್ಯದ ನಂತರ ನಮ್ಮ ಸೈನಿಕರು ಹೊರದೇಶಕ್ಕೆ ಹೋದದ್ದು ಹೆಚ್ಚಾಗಿ ಶಾಂತಿಪಡೆಯಾಗಿ. ಕೊರಿಯಾ, ಗಾಜಾ, ಕಾಂಗೋ. ಸ್ಟಾಂಪು ಕೂಡಿಸುವ ಹವ್ಯಾಸ ಇದ್ದವರಿಗೆ ಗೊತ್ತಿರುತ್ತದೆ, 1953ರಲ್ಲಿ ಕೊರಿಯಾಕ್ಕೆ, 1962ರಲ್ಲಿ ಕಾಂಗೋಕ್ಕೆ, 1965ರಲ್ಲಿ ಗಾಜಾಕ್ಕೆ ಭಾರತದ ಸ್ಟಾಂಪಿನ ಮೇಲೆಯೇ ಬೇರೆ ಅಕ್ಷರ ಒತ್ತಿ ಕಳಿಸಿದ್ದರು. ಮನೆಯಲ್ಲಿ ಅಂಥ ಲಕೋಟೆ ಇದ್ದರೆ ಸ್ಟಾಂಪು ಕಿತ್ತು ಮಾರಬೇಡಿ. 1950ರ ಅಕ್ಟೋಬರ್ 2ಕ್ಕೆ ಇನ್‌ಲ್ಯಾಂಡ್ ಲೆಟರ್ ಬಂತು. ನೀಲಿ ಹಾಳೆ, ಮೂರು ಮಡಿಕೆ, ಅಂಟಿಸಿದರೆ ಒಳಗಿನದು ಕಾಣುವುದಿಲ್ಲ. ನಮ್ಮ ದಾಂಪತ್ಯಕ್ಕೆ ಸರ್ಕಾರ ಮಾಡಿದ ದೊಡ್ಡ ಉಪಕಾರ ಅದು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ಕಾರ್ಡು ಊರಿಗೆಲ್ಲ ತೆರೆದ ಬಾಗಿಲು, ಇನ್‌ಲ್ಯಾಂಡಿಗೆ ಚಿಲಕ ಇತ್ತು.

ಸಿರುಗುಪ್ಪದ ಕಡೆಯ ಒಬ್ಬ ತಾಯಿ ನನ್ನ ಜೊತೆ ಮಾತಾಡಿದ್ದರು. ಅವರ ಯಜಮಾನರು 1987ರಲ್ಲಿ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋದವರು. ಈಕೆ ಏಳನೇ ಕ್ಲಾಸು ಓದಿದವರು, ತಾವೇ ಬರೆಯುತ್ತಿದ್ದರು. ಕಾಗದಗಳು ಹಿಂದುಮುಂದಾಗಿ ತಲುಪುತ್ತಿದ್ದವಂತೆ. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಅದಕ್ಕೆ ಇಬ್ಬರೂ ಮೇಲೆ ನಂಬರು ಹಾಕತೊಡಗಿದರು. ನಡುವೆ ಒಂದು ನಂಬರು ಬಾರದಿದ್ದರೆ ಅದರಲ್ಲಿ ಏನಿತ್ತು ಅಂತ ರಾತ್ರಿಯೆಲ್ಲ ಯೋಚನೆ. ‘ಮಾವನೋರು ಒಡದು ಓದಿ ಆಮ್ಯಾಲ ನನ್ನ ಕೈಗೆ ಕೊಡೋರು,’ ಅಂದರು. ‘ಅಂಟು ಹಚ್ಚೋ ಪಟ್ಟಿ ಐತಲ್ರೀ, ಅದ್ರ ಒಳಗ ಅಡ್ಡಕ್ಕ ಒಂದು ಸಾಲು ಬರ್ದಿರೋರು. ಅದು ನನಗ.’ ಮಾವನವರು ಅದನ್ನು ನೋಡುತ್ತಿರಲಿಲ್ಲವೇ ಅಂತ ಕೇಳಿದೆ. ‘ನೋಡ್ದಂಗ ಇರೋರು’ ಅಂದು ನಕ್ಕರು. ಆ ಸಾಲಿನಲ್ಲಿ ಏನಿರುತ್ತಿತ್ತು ಅಂತ ನಾನು ಕೇಳಲಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಏನಾದರೂ ಕೇಳುವುದಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿನಿ: ಸತ್ತವರ ಖಾಸಗಿ ಕಾಗದವನ್ನು ನಾವು ಓದುವುದು ಸರಿಯಾ ಸರ್?

ಒಳ್ಳೇ ಪ್ರಶ್ನೆಯಮ್ಮ. ಹಳೇ ಕಾರ್ಡುಗಳ ಮಟ್ಟಿಗೆ ನನಗೆ ಅಳುಕಿಲ್ಲ, ಅವನ್ನು ಊರೇ ಕೇಳಿತ್ತು. ಆದರೆ ಅಂಟಿಸಿದ ಇನ್‌ಲ್ಯಾಂಡಿನ ಕಾಲಕ್ಕೆ ಬಂದರೆ ಬರೆದವರು, ಪಡೆದವರು ಇನ್ನೂ ಇದ್ದಾರೆ. ಅವರನ್ನು ಕೇಳಬೇಕು. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಮುಟ್ಟಬಾರದು. ಇತಿಹಾಸಕ್ಕೆ ಬೇಕು ಅಂತ ಒತ್ತಾಯ ಮಾಡುವವರ ಗುಂಪಿನಲ್ಲಿ ನಾನಿಲ್ಲ.

ಒಬ್ಬ ಮೇಷ್ಟ್ರು: ಟ್ರಂಕಿನಲ್ಲಿ ಇಂಥವು ಸಿಕ್ಕರೆ ಏನು ಮಾಡಬೇಕು?

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ. ಹರಿದ ಕಡೆ ಸೆಲೋಟೇಪು ಹಚ್ಚಬೇಡಿ, ಕೆಲವೇ ವರ್ಷಕ್ಕೆ ಹಳದಿ ಕಲೆ ಬಿದ್ದು ಅಕ್ಷರ ತಿನ್ನುತ್ತದೆ. ತುಕ್ಕು ಹಿಡಿದ ಪಿನ್ನು ಇದ್ದರೆ ನಿಧಾನಕ್ಕೆ ತೆಗೆಯಿರಿ. ಕಾಗದವನ್ನೂ ಅದರ ಲಕೋಟೆಯನ್ನೂ ಬೇರೆ ಮಾಡಬೇಡಿ. ಠಸ್ಸೆ, ಸೆನ್ಸಾರಿನ ಗುರುತು, ಎಪಿಒ ಅಂದರೆ ಸೇನೆಯ ಪೋಸ್ಟಾಫೀಸಿನ ನಂಬರು ಎಲ್ಲ ಲಕೋಟೆಯ ಮೇಲೆಯೇ ಇರುತ್ತವೆ. 56 ಎಪಿಒ, 99 ಎಪಿಒ ಅಂತ ಇದ್ದರೆ ಊರಿನ ಹೆಸರು ಇರುವುದಿಲ್ಲ, ಸೈನ್ಯದ ಟಪಾಲಿನ ಕ್ರಮ ಅದು. ಅಂಥ ಕಡೆ ತಾರೀಕು ಮುಖ್ಯ. ಕಿಟಕಿಯ ಬೆಳಕಿನಲ್ಲಿ ಎರಡೂ ಮಗ್ಗುಲು ಫೋಟೋ ತೆಗೆದುಕೊಳ್ಳಿ, ಫ್ಲ್ಯಾಶ್ ಬೇಡ. ಮನಿಯಾರ್ಡರ್ ಕೂಪನ್ನುಗಳನ್ನು ಕಸ ಅಂತ ಬಿಸಾಡಬೇಡಿ. ಇನ್ನೊಂದು ಕೆಲಸ ಇದೆ, ಅದಕ್ಕೆ ತಡ ಮಾಡಬೇಡಿ. ಆ ಕಾಗದಗಳನ್ನು ಮನೆಯಲ್ಲಿ ಆಗ ಓದಿ ಹೇಳುತ್ತಿದ್ದವರು ಯಾರು ಅಂತ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಅದು ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಮೇಷ್ಟ್ರೋ, ಟಪಾಲಿನವರೋ, ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಯೋ.